ನಲವತ್ತೆರಡು ನಿಮಿಷ ಉಶ್!

ಅತ್ತೆ ಟಿವಿಯಲ್ಲಿ ಬಂದ ದಿನ ಊರೆಲ್ಲ ಅವಳನ್ನು ನೋಡಿತು, ಅವಳೊಬ್ಬಳನ್ನು ಬಿಟ್ಟು. ಅತ್ತೆ ಅಂದರೆ ಅಪ್ಪನ ತಂಗಿ, ಬಸ್ ಡ್ರೈವರ್. ದುಡಿಯುವ ಹೆಂಗಸರ ಬಗ್ಗೆ ನಲವತ್ತೆರಡು ನಿಮಿಷದ ಕಾರ್ಯಕ್ರಮ, ಅದರಲ್ಲಿ ಹನ್ನೊಂದು ನಿಮಿಷ ಪೂರ್ತಿ ಅವಳೇ. ಆ ಹೊತ್ತಿಗೆ ಅವಳು ಐವತ್ತು ಯಾತ್ರಿಕರನ್ನು ಹತ್ತಿಸಿಕೊಂಡು, ಹತ್ತು ದಿನದ ವಿಶೇಷ ಟ್ರಿಪ್ಪಿಗೆಂದು ದೂರದೂರಿನ ದಾರಿಯಲ್ಲಿದ್ದಳು. ಮತ್ತೆ ತೋರಿಸುವುದಿಲ್ಲ, ಇಂಟರ್ನೆಟ್ಟಿಗೂ ಹಾಕುವುದಿಲ್ಲ ಎಂದು ಟಿವಿಯವರು ಮೊದಲೇ ಹೇಳಿದ್ದರು. ಹೇಳಲಿ ಬಿಡಿ, ನಮ್ಮ ಮನೆಯ ಸೆಟ್ ಟಾಪ್ ಬಾಕ್ಸು ಅದನ್ನು ರೆಕಾರ್ಡ್ ಮಾಡಿ ಹೊಟ್ಟೆಯಲ್ಲಿಟ್ಟುಕೊಂಡಿತ್ತು.

ರಾತ್ರಿ ಊಟದ ಹೊತ್ತಿಗೆ ಅತ್ತೆಯ ಫೋನು.

"ಗಿಣೀ, ಅಣ್ಣ ನೋಡಿದ್ನಾ?"

ಕೇಳಿಸಿಕೊಂಡದ್ದನ್ನೆಲ್ಲ ಹಾಗೇ ಆಡಿ ತೋರಿಸುತ್ತೇನೆಂದು ಮನೆಯಲ್ಲಿ ನನ್ನ ಹೆಸರೇ ಗಿಣಿ.

"ನೋಡಿದ ಅತ್ತೆ. ಕೂತ ಕಡೆಯಿಂದ ಅಲ್ಲಾಡ್ಲಿಲ್ಲ."

"ಏನಂದ?"

ಗಿಣಿಯ ಧರ್ಮಕ್ಕೆ ತಪ್ಪುವ ಹಾಗಿಲ್ಲ. ಅಪ್ಪನ ದನಿಯಲ್ಲೇ, ಮೂಗಿನ ತುದಿಗೆ ಕನ್ನಡಕ ಇಳಿಸಿದಂತೆ ಹೇಳಿದೆ: "ಕ್ಯಾಮೆರಾ ಸ್ವಲ್ಪ ಅಲ್ಲಾಡ್ತಿತ್ತು."

ಅತ್ತೆ ನಕ್ಕಳು. ನಕ್ಕು, "ಅಷ್ಟೇನಾ?" ಎಂದು ಇನ್ನೊಮ್ಮೆ ಕೇಳಿದಳು.

ಅತ್ತೆ ಬಸ್ಸಿನ ಕೆಲಸಕ್ಕೆ ಅರ್ಜಿ ಹಾಕಿದಾಗ ಅಪ್ಪ, "ಅದೇನು ಮಿಕ್ಸಿ ತಿರುಗಿಸಿದ ಹಾಗಾ?" ಅಂದಿದ್ದನಂತೆ. ಕೆಲಸ ಸಿಕ್ಕಿತು. ಅಂದಿನಿಂದ ಅಪ್ಪ ತನ್ನ ರಿಪೇರಿ ಅಂಗಡಿಗೆ ಹೋಗುವುದು ಅವಳ ಬಸ್ಸಿನಲ್ಲೇ, ಇಳಿಯುವಾಗ ಹೇಳುವ ಮಾತೂ ಒಂದೇ: "ಬ್ರೇಕ್ ಸ್ವಲ್ಪ ಲೇಟಾಯ್ತು." ಹೊಗಳಿಕೆಗೆ ಕಾದು ಕಾದು ಅತ್ತೆಯ ಕೂದಲು ನರೆತಿತ್ತು. ಹಾಗಂತ ಕಾಯುವುದನ್ನು ಬಿಟ್ಟಿರಲಿಲ್ಲ.

ಮಂಗಳವಾರ ಬಾಕ್ಸಿನ ಕಂಪನಿಯಿಂದ ಮೆಸೇಜು ಬಂತು. ಹಳೆಯ ಬಾಕ್ಸುಗಳೆಲ್ಲ ಶನಿವಾರ ಮಧ್ಯಾಹ್ನಕ್ಕೆ ಬಂದ್, ನಮ್ಮ ಸಿಬ್ಬಂದಿ ಬಂದು ಹೊಸದು ಕೂರಿಸುತ್ತಾರೆ, ಹಳೆಯ ರೆಕಾರ್ಡಿಂಗ್‌ಗಳು ಹೊಸದಕ್ಕೆ ಬರುವುದಿಲ್ಲ. ಅತ್ತೆ ಊರಿಗೆ ಮರಳುವುದು ಭಾನುವಾರ!

ಫೋನು ಮಾಡಿದೆ. ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿ. "ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ." ಇಪ್ಪತ್ತು ನಿಮಿಷ ಕಾಯಿಸಿ, ಕಾಯಿಯಾಗಿದ್ದ ನಾನು ಹಣ್ಣಾದ ಮೇಲೆ, ಒಂದು ದಿನವೂ ಮುಂದೆ ಹಾಕಲಾಗದು ಎಂದರು.

"ಕಂಪ್ಯೂಟರಿಗೆ ಇಳಿಸಿಕೊಂಡ್ರಾಯ್ತು," ಅಂದೆ. ಪದವಿ ಪಡೆದವಳು ಮನೆಗೆಲ್ಲ ನಾನೊಬ್ಬಳೇ, ಅಷ್ಟಾದರೂ ಜಂಬ ಬೇಡವೇ? ಟಿವಿಯ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ, ಹೊಸ ಹಳೆ ಎಲ್ಲ ಕೇಬಲ್ಲಿಗೂ ತೂತಿರುವ ಕಾರ್ಡೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದೆ. ಅದು ಕೈ ಸೇರಿದ್ದು ಶುಕ್ರವಾರ. ಬಾಕ್ಸಿನಿಂದ ಕಂಪ್ಯೂಟರಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿ ಪ್ಲೇ ಒತ್ತಿದೆ. ಪರದೆ ಕಾಡಿಗೆ ಬಳಿದಂತೆ ಕಪ್ಪಾಗಿ, ನಡುವೆ ಒಂದೇ ಸಾಲು ಮೂಡಿತು: 'ಈ ಕಾರ್ಯಕ್ರಮವನ್ನು ಕಾಪಿ ಮಾಡುವಂತಿಲ್ಲ.'

ಮನೆಯ ಮುಂಭಾಗದಲ್ಲಿ ಇಸ್ತ್ರಿ ಅಂಗಡಿ ನಡೆಸುವ ಅಮ್ಮ ಬಾಗಿಲಲ್ಲಿ ಇಣುಕಿ, "ಕಾಪಿ ಇಲ್ವಂತೆ, ಕಾಫಿ ಆದ್ರೂ ಕುಡೀರಿ," ಅಂದಳು. ಇಂಥ ಮಾತಿನ ಚಾಳಿ ನನಗೆ ಯಾರ ಕಡೆಯಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ.

ಅಪ್ಪ ರೇಡಿಯೋ, ಟಿವಿ ರಿಪೇರಿ ಮಾಡುವವ. ಅಂಗಡಿಗೆ ಈಗ ರಿಪೇರಿಗಿಂತ ಹರಟೆಗೆ ಬರುವವರೇ ಜಾಸ್ತಿ. ಮೊಣಕಾಲೂರಿ ಬಾಕ್ಸಿನ ಹಿಂಬದಿಗೆ ಟಾರ್ಚು ಬಿಟ್ಟವನ ಮುಖ ಮದುವೆಮನೆಯ ಹಾಗೆ ಬೆಳಗಿತು.

"ಲೇ ಗಿಣಿ, ಇಲ್ನೋಡು. ಐದು ತೂತು ಇವೆ, ಹಳೇ ಕಾಲದವು! ನಿನ್ನ ಕೇಬಲ್ಲು ಹೊಸ ಹೈವೇ ಇದ್ದ ಹಾಗೆ. ಅಲ್ಲಿ ಗೇಟಿದೆ, ಕಾವಲಿದೆ, ಎರಡೂ ಕಡೆಯೋರು ಗುರುತು ಹೇಳ್ಬೇಕು. ಇದು ಹಳೇ ದಾರಿ. ಗೇಟು ಹಾಕೋದನ್ನೇ ಮರ್ತಿದ್ದಾರೆ ಪಾಪ."

"ಚಿತ್ರ ಎಚ್‌ಡಿನೇ ಬರುತ್ತಾ?"

"ಬರ್ದೆ ಏನು? ಹಳೇ ದಾರಿ ಅಂದ್ರೆ ಗುಂಡಿ ಬಿದ್ದ ದಾರಿ ಅಂದ್ಕೊಂಡ್ಯಾ?"

ಅಟ್ಟದ ಮೇಲಿನ ಚೀಲದಿಂದ ಐದು ತಲೆಯ ಕೇಬಲ್ಲು ಕೆಳಗಿಳಿಯಿತು. ಹಸಿರು, ನೀಲಿ, ಕೆಂಪು ಚಿತ್ರಕ್ಕೆ. ಕೆಂಪು, ಬಿಳಿ ಸದ್ದಿಗೆ. ಕೆಂಪು ಎರಡಿವೆ ಎಂಬುದನ್ನು ಗಮನಿಸಿ, ನಾವು ಗಮನಿಸಲಿಲ್ಲ. ಚುಚ್ಚಿದೆವು, ಪರದೆ ಜೀವ ಪಡೆಯಿತು, ಇಬ್ಬರೂ ಕುಣಿದೆವು. ಕುಣಿದು ಮುಗಿಸಿ ನೋಡಿದರೆ ಅತ್ತೆಯ ಕೆಂಪು ಬಸ್ಸು ಪಾಚಿ ಹಿಡಿದ ಟ್ಯಾಂಕಿನಂತಿದೆ, ಅತ್ತೆಯ ಮುಖ ಹಸಿರು ಮೆಣಸಿನಕಾಯಿ.

"ಅಯ್ಯೋ, ನಾದಿನಿಗೆ ವಾಂತಿ ಬರೋ ಹಾಗಿದೆಯಲ್ರೀ," ಅಂದಳು ಅಮ್ಮ.

ಕೆಂಪುಗಳನ್ನು ಅದಲುಬದಲು ಮಾಡಿದ್ದೇ ತಡ, ಅತ್ತೆಯ ಕೆನ್ನೆಗೆ ಬಣ್ಣ ಮರಳಿತು. ಅಷ್ಟರಲ್ಲಿ ಮಲಗುವ ಹೊತ್ತಾಗಿತ್ತು. ರೆಕಾರ್ಡಿಂಗ್ ಬೆಳಿಗ್ಗೆಗೆ ಎಂದು ತೀರ್ಮಾನವಾಯಿತು.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ಹಿಂದೆ ಅಪ್ಪ ಟಿವಿಯ ಸ್ಪೀಕರಿಗೆ ಟೇಪ್ ರೆಕಾರ್ಡರ್ ಹಿಡಿದು ಹಾಡು ತುಂಬಿಸಿಕೊಳ್ಳುತ್ತಿದ್ದ. ಆಗ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ, ಲೋಟ ಇಡುವಂತಿಲ್ಲ, ಕುಕ್ಕರು ಕೂಗುವಂತಿಲ್ಲ. ಕಾಲ ಬದಲಾಯಿತು, ಕಟ್ಟಳೆ ಬದಲಾಗಲಿಲ್ಲ. ಶನಿವಾರ ಹತ್ತು ಗಂಟೆಗೆ ಅಪ್ಪ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಗಡಿಯಾರವನ್ನು ಟವೆಲ್ಲಿನಲ್ಲಿ ಸುತ್ತಿ ಒಳಕೋಣೆಗೆ ಸಾಗಿಸಿದ.

"ಅಪ್ಪ, ಸದ್ದು ವೈರಲ್ಲಿ ಹೋಗುತ್ತೆ. ಇಲ್ಲಿ ಆನೆ ಘೀಳಿಟ್ರೂ ಒಳಗೆ ಬರಲ್ಲ."

"ಆನೆ ವಿಷ್ಯ ಗೊತ್ತಿಲ್ಲ. ಗಿಣಿ ಬಾಯಿ ಮುಚ್ಕೊಂಡಿರ್ಲಿ. ಉಶ್!"

ಪ್ಲೇ ಒತ್ತಿದೆ, ರೆಕಾರ್ಡ್ ಒತ್ತಿದೆ. ಟಿವಿಯಲ್ಲೂ ಕಾರ್ಯಕ್ರಮ ಓಡತೊಡಗಿತು. ಅಪ್ಪ, ಅಮ್ಮ, ನಾನು ಸಾಲಾಗಿ ಪರೀಕ್ಷೆಗೆ ಕೂತಂತೆ ಕೂತೆವು. ಎಂಟನೆಯ ನಿಮಿಷಕ್ಕೆ ನಾನು ಆ ಜೇನಿನ ದನಿಯಲ್ಲಿ, "ನಿಮ್ಮ ಮೌನ ನಮಗೆ ಅಮೂಲ್ಯ," ಎಂದು ಪಿಸುಗುಟ್ಟಿದೆ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪ ಕಣ್ಣಲ್ಲೇ ಸುಟ್ಟ.

ಹದಿನೆಂಟನೆಯ ನಿಮಿಷಕ್ಕೆ ಬಾಗಿಲಲ್ಲಿ ಕಂಪನಿಯ ಟೋಪಿ, ಅದರ ಕೆಳಗೆ ದಪ್ಪ ಮೀಸೆ. "ಬಾಕ್ಸ್ ಬದಲಾಯಿಸಕ್ಕೆ ಬಂ—" ಅನ್ನುವಷ್ಟರಲ್ಲಿ ಅಪ್ಪ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಸ್ಟೂಲು ತೋರಿಸಿದ. ಮೀಸೆಯವರು ಬಾಕ್ಸನ್ನು ನೋಡಿದರು, ಅದರ ಬೆನ್ನಿನ ಐದು ಬಣ್ಣದ ಬಾಲಗಳನ್ನು ನೋಡಿದರು, ಬಾಲ ಹೋಗಿ ಸೇರಿದ ಕಂಪ್ಯೂಟರನ್ನು ನೋಡಿದರು. ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ, "ನನಗೆ ಬರೀ ಟಿವಿ ಕಾಣ್ತಿದೆ," ಎಂದು ಕೂತರು.

ಅತ್ತೆಯ ಭಾಗ ಶುರುವಾಯಿತು. ಆಗಲೇ ಮುಂದಿನ ಅಂಗಡಿಯಿಂದ ಸುಟ್ಟ ವಾಸನೆ. ಇಸ್ತ್ರಿಪೆಟ್ಟಿಗೆ! ಅಮ್ಮ ಎದ್ದಳು, ಹಿಂದೆಯೇ ನಾನು. ಬೆಂಕಿ ಬಿದ್ದ ಮನೆಯಿಂದ ಓಡುವವರನ್ನು ನೀವು ಕಂಡಿರಬಹುದು, ಬೆಂಕಿಯ ಕಡೆಗೆ ತುದಿಗಾಲಲ್ಲಿ ಓಡುವವರನ್ನು ಕಂಡಿರಲಾರಿರಿ. ಯಾರೋ ವಕೀಲರ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಆ ಕಾಪಿಯನ್ನು ಯಾವ ಕಂಪನಿಯೂ ತಡೆದಿರಲಿಲ್ಲ. ಪ್ಲಗ್ಗು ಕಿತ್ತು, ನೀರು ಚಿಮುಕಿಸಿ, ಮೂಕಾಭಿನಯದಲ್ಲೇ ಒಬ್ಬರನ್ನೊಬ್ಬರು ಬೈದುಕೊಂಡು ಮರಳುವಷ್ಟರಲ್ಲಿ ಅತ್ತೆಯ ಭಾಗ ಮುಗಿಯುತ್ತಿತ್ತು. ಅಪ್ಪ, ಮೀಸೆಯವರು ಇಬ್ಬರೂ ಗೊಂಬೆಗಳಂತೆ ಕೂತಿದ್ದರು.

ರೆಕಾರ್ಡಿಂಗ್ ಮುಗಿಯಿತು. ತೆರೆದು ನೋಡಿದೆ. ಅತ್ತೆಯ ಕಾಲರಿನ ಹೊಲಿಗೆ ಎಣಿಸುವಷ್ಟು ಸ್ಪಷ್ಟ ಚಿತ್ರ. ಮೀಸೆಯವರು ಹಳೆಯ ಬಾಕ್ಸನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಹೋಗುವಾಗ ಅಪ್ಪನನ್ನು ನೋಡಿ ಯಾಕೋ ನಕ್ಕರು.

ಭಾನುವಾರ ಸಂಜೆ ಅತ್ತೆ ಯೂನಿಫಾರ್ಮಿನಲ್ಲೇ ಬಂದು ಕಂಪ್ಯೂಟರಿನ ಮುಂದೆ ಸ್ಟೀರಿಂಗ್ ಹಿಡಿಯುವವಳಂತೆ ಕೂತಳು. "ಹಾಕೇ."

ಹಾಕಿದೆ. ಮೊದಲು ಕೇಳಿಸಿದ್ದು ಸಂಗೀತವಲ್ಲ.

"ಉಶ್!"

ಕಂಪ್ಯೂಟರಿನ ನೆತ್ತಿಯ ಮೇಲೆ ಒಂದು ಪುಟ್ಟ ಕ್ಯಾಮೆರಾ ಇದೆ, ಮದುವೆಯಾಗಿ ದೂರದಲ್ಲಿರುವ ಅಕ್ಕನ ಜೊತೆ ವಿಡಿಯೋದಲ್ಲಿ ಮಾತಾಡಲು. ಅದಕ್ಕೊಂದು ಮೈಕು. ಸದ್ದನ್ನು ಕೇಬಲಿನಿಂದ ತೆಗೆದುಕೋ ಎಂದು ಕಂಪ್ಯೂಟರಿಗೆ ಹೇಳಬೇಕಾದ ಪದವೀಧರೆ ಹೇಳಿರಲಿಲ್ಲ. ಅದು ಕೋಣೆಯನ್ನೇ ಕೇಳಿಸಿಕೊಂಡಿತ್ತು. ನಿನ್ನೆ ಚಿತ್ರ ನೋಡಿದ ನಾನು ಸದ್ದು ಹಾಕಿ ನೋಡಿರಲಿಲ್ಲ. ಟಿವಿಯ ಮಾತು ಕೇಳುತ್ತಿತ್ತು ನಿಜ, ಜೊತೆಗೆ ನನ್ನ ಜೇನಿನ ದನಿ, ಸೆರಗಿನೊಳಗಿನ ಅಮ್ಮನ ಗೊರಕೆಯಂಥ ನಗು, "ಬಾಕ್ಸ್ ಬದಲಾಯಿಸಕ್ಕೆ ಬಂ—" ಎಲ್ಲವೂ.

"ಅತ್ತೆ, ತಪ್ಪು ನಂದೇ..." ಅಂದೆ. ಬಾಕ್ಸು ಹೋಗಿಯಾಗಿತ್ತು, ಇನ್ನೊಂದು ಸಲ ಎಂಬುದೇ ಇರಲಿಲ್ಲ.

"ಇರಲಿ ಬಿಡೇ, ಕೇಳಿಸ್ತಿದೆಯಲ್ಲ. ಪುಣ್ಯಕ್ಕೆ ಸುಮ್ನೆ ಕೂತಿದ್ರಿ."

ಅಪ್ಪ ಮಾತ್ರ ಅದೇಕೋ ಮೇಜಿನ ಕೆಳಗೆ ಕೇಬಲ್ಲು ಸುತ್ತಲು ನುಸುಳಿದ್ದ. ಅಷ್ಟು ಅವಸರದಲ್ಲಿ ಸುತ್ತಬೇಕಾದ ಕೇಬಲ್ಲೇನೂ ಅದಾಗಿರಲಿಲ್ಲ.

ಪರದೆಯ ಮೇಲೆ ಅತ್ತೆಯ ಬಸ್ಸು ಮಾರುಕಟ್ಟೆಯ ಗಲ್ಲಿಗೆ ಬಂತು. ಒಂದು ಕಡೆ ಹಾಲಿನ ವ್ಯಾನು, ಇನ್ನೊಂದು ಕಡೆ ಗೋಡೆ, ನಡುವೆ ಉಗುರಿನಷ್ಟು ಜಾಗ. ಅತ್ತೆ ಕನ್ನಡಿ ನೋಡಿದಳು, ಚಕ್ರ ತಿರುಗಿಸಿದಳು. ಆಗ ಮೈಕಿಗೆ ತೀರ ಹತ್ತಿರದಿಂದ ಒಂದು ದನಿ:

"ನೋಡಿ, ನೋಡಿ... ಒಂದೇ ಸಲಕ್ಕೆ! ಹಿಂದೆ ಮುಂದೆ ಇಲ್ಲ. ಬೇರೆ ಯಾರಾದ್ರೂ ಮಾಡ್ಲಿ ನೋಡೋಣ. ನನ್ನ ತಂಗಿ ಕಣ್ರೀ ಅದು."

"ಹೌದಾ ಸಾರ್? ಭಲೇ!" ಮೀಸೆಯವರ ದನಿ.

"ಸ್ವಂತ ತಂಗಿ. ಇವಳ ಬಸ್ಸಲ್ಲಿ ಕೂತ್ರೆ ನಂಗೆ ನಿದ್ದೆ ಬಂದ್ಬಿಡುತ್ತೆ, ಅಷ್ಟು ನೈಸಾಗಿ ಓಡಿಸ್ತಾಳೆ. ಉಶ್! ರೆಕಾರ್ಡಿಂಗ್."

ಅಮ್ಮ ನನ್ನನ್ನು ಚಿವುಟಿದಳು.

"ಗಿಣೀ, ಹಿಂದಕ್ಕೆ ತಗೋ," ಅಂದಳು ಅತ್ತೆ.

ಬಸ್ಸು ಗಲ್ಲಿಗೆ ಬರುವಲ್ಲಿಗೆ ತಂದೆ.

"ಬಸ್ಸು ನೋಡಿದ್ದೀನಿ, ದಿನಾ ನಾನೇ ಓಡಿಸೋದು. ಇನ್ನೂ ಸ್ವಲ್ಪ ಮುಂದೆ. ಹಾಂ, ಅಲ್ಲಿ."

ಆರು ಸಲ ಹಾಕಿಸಿದಳು. ಆರನೆಯ ಸಲಕ್ಕೆ ಕರ್ಚೀಫು ಹುಡುಕಿ, ಸಿಗದೆ, ಯೂನಿಫಾರ್ಮಿನ ಟೋಪಿಯಲ್ಲೇ ಕಣ್ಣು ಒರೆಸಿಕೊಂಡು ನಗತೊಡಗಿದಳು. ಮೇಜಿನ ಕೆಳಗಿನಿಂದ ಅಪ್ಪನ ದನಿ ಬಂತು: "ಸೌಂಡು ಸರಿಯಾಗಿ ಬಂದಿಲ್ಲ. ಅದನ್ನ ಅಳಿಸ್ಬೋದು ಅಲ್ವೇನೇ ಗಿಣಿ?"

"ಮುಟ್ಟಿದ್ರೆ ನೋಡು," ಅಂದಳು ಅತ್ತೆ ನನಗೆ. "ನಾಳೆಯಿಂದ ಅಪ್ಪ ಮಗಳು ಇಬ್ರೂ ನಡ್ಕೊಂಡೇ ಹೋಗ್ಬೇಕಾಗುತ್ತೆ."

ಸೋಮವಾರ ಬೆಳಿಗ್ಗೆ ಅಪ್ಪನೂ ನಾನೂ ಅವಳ ಬಸ್ಸು ಹತ್ತಿದೆವು. ಅಪ್ಪ ಎಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ್ದೇ ತಡ, ಅತ್ತೆ ಕನ್ನಡಿಯಲ್ಲಿ ನೋಡಿ, ಬಸ್ಸೆಲ್ಲ ಕೇಳುವಂತೆ ಕಂಡಕ್ಟರಿಗೆ ಹೇಳಿದಳು: "ಅಲ್ಲಿ ನಿದ್ದೆ ಹೊಡೀತಿರೋರು ನನ್ನ ಅಣ್ಣ ಕಣ್ರೀ. ಸ್ವಂತ ಅಣ್ಣ!"

ಅತ್ತೆ ಮಾಡಿದ ಅಪ್ಪನ ಅನುಕರಣೆ ನನ್ನದಕ್ಕಿಂತ ಚೆನ್ನಾಗಿಯೇ ಇತ್ತು. ಅಪ್ಪ ಒಂದು ಸ್ಟಾಪು ಮೊದಲೇ ಎದ್ದ. ಮೆಟ್ಟಿಲ ಮೇಲೆ ನಿಂತು, ಬಾಗಿಲ ಕಂಬಿ ಹಿಡಿದು, ಗಂಟಲು ಸರಿಮಾಡಿಕೊಂಡ.

"ಬ್ರೇಕ್..." ಅಂದ.

"ಹೇಳಣ್ಣ."

"...ಪರವಾಗಿಲ್ಲ," ಎಂದು ಇಳಿದೇಬಿಟ್ಟ.