ಎರಡಿಂಚಿನ ಬಸಿರು

ಶಾಲೆಯ ಯೂನಿಫಾರ್ಮ್ ಹೊಲಿಯುವ ಗಡಿಬಿಡಿಯಲ್ಲಿ ಟೈಲರಮ್ಮನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅತ್ತೆಯ ಕಣ್ಣು ತಪ್ಪಿಸಿ ಬಟನ್ ಡಬ್ಬಿಯಲ್ಲಿಟ್ಟಿದ್ದ ಗರ್ಭನಿರೋಧಕ ಮಾತ್ರೆ ನೆನಪಾದದ್ದು ಕೊನೆಯ ಅಂಗಿ ಇಸ್ತ್ರಿಗೆ ಹೋದ ಮೇಲೆ. ತೆಗೆದು ನೋಡಿದರೆ ಮೂರು ದಿನದ ಮಾತ್ರೆ ಹಾಗೇ ಕೂತಿದ್ದವು. ಡ್ರೈವರ್ ಗಂಡನೋ, ಆ ವಾರ ರಜೆ ಹಾಕಿ ಮನೆಯಲ್ಲೇ ಇದ್ದ. ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ.

"ಆಗಿದ್ರೂ ಆಗಿರಬಹುದು," ಎಂದಳು ಮೆಡಿಕಲ್ ಶಾಪಿನವಳು. "ಈಗಲೇ ಟೆಸ್ಟ್ ಮಾಡಿದ್ರೆ ಗೊತ್ತಾಗಲ್ಲ. ಮುಟ್ಟು ತಪ್ಪಿದ್ರೆ ಬಾ."

ಮಗಳು ಈಗಷ್ಟೇ ಶಾಲೆ ಸೇರಿದ್ದಳು. ಮನೆಯ ಮುಂಗೋಣೆಯಲ್ಲಿ ತೆರೆದ ಸ್ವಂತ ಅಂಗಡಿಯ ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ಇನ್ನೊಂದು ಮಗುವೆಂದರೆ ಮಶೀನಿಗೆ ಮುಸುಕು ಹಾಕಿ ಮತ್ತೆ ತೊಟ್ಟಿಲು ತೂಗಬೇಕು. ಅವಳಿಗದು ಬೇಡವಾಗಿತ್ತು, ಖಂಡಿತ ಬೇಡವಾಗಿತ್ತು.

ಟೈಲರುಗಳಿಗೆ ಕಾಯಿಸಿ ಗೊತ್ತು, ಕಾದು ಗೊತ್ತಿಲ್ಲ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ತನ್ನ ಸೊಂಟಕ್ಕೆ ತಾನೇ ಟೇಪು ಸುತ್ತತೊಡಗಿದಳು. ಮೊದಮೊದಲು ಇಪ್ಪತ್ತೊಂಬತ್ತು. ಒಂದು ಬೆಳಿಗ್ಗೆ ಮೂವತ್ತೊಂದು! ಮತ್ತೆ ಸುತ್ತಿದಳು, ಮತ್ತೆ ಮೂವತ್ತೊಂದೇ. ರಾತ್ರೋರಾತ್ರಿ ಎರಡಿಂಚು ಬೆಳೆಯುವ ಮಗು ಎಲ್ಲಾದರೂ ಉಂಟೇ ಎಂದು ಕೇಳಿಕೊಳ್ಳುವ ಬುದ್ಧಿ ಹೆದರಿದವರಿಗೆ ಎಲ್ಲಿರುತ್ತದೆ? ಗಂಡನಿಗೆ ಹೇಳಿದರೆ, "ಅವಳಿಜವಳಿ ಇರಬೇಕು ಕಣೆ," ಎಂದು ಹಲ್ಲು ಕಿರಿದ. ಕೈಯಲ್ಲಿ ಕತ್ತರಿ ಇರಲಿಲ್ಲ, ಅವನ ಪುಣ್ಯ.

ಅಷ್ಟರಲ್ಲಿ ಗಿರಾಕಿ ಟೀಚರಮ್ಮ ಹೊಸ ಸ್ಕರ್ಟು ಹಿಡಿದು ಬುಸುಗುಡುತ್ತಾ ಬಂದಳು. "ನಾನೇನು ಬಸುರೀನಾ? ನಿಂತ್ರೆ ಜಾರತ್ತೆ!"

ಮೈಗೆ ಅಳತೆ ಟೇಪಿನಲ್ಲಿ, ಬಟ್ಟೆಗೆ ಗುರುತು ಮರದ ಸ್ಕೇಲಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಟೇಪಿನಲ್ಲಿ ಒಂದು, ಎರಡು ಇರಲೇ ಇಲ್ಲ.

"ತುದಿ ನೂಲುನೂಲಾಗಿತ್ತು," ಎಂದಳು ಕಾಜಾ ಹೊಲಿಯುತ್ತಿದ್ದ ಅತ್ತೆ, ಹೆಮ್ಮೆಯಿಂದ. "ಕತ್ತರಿಸಿ, ಹಿತ್ತಾಳೆ ತಗಡು ಮತ್ತೆ ಕೂರಿಸ್ದೆ. ನೀಟಾಗಿದೆ ಅಲ್ವಾ?"

ಟೀಚರಮ್ಮನ ಮುಂದೆ ನಗುವಂತಿಲ್ಲ, ಅಳುವಂತಿಲ್ಲ. ಆದರೂ ಟೇಪು ಸುಳ್ಳಾಡಿತೆಂದ ಮಾತ್ರಕ್ಕೆ ಭಯ ಹೋಗುತ್ತದೆಯೇ? ಮುಟ್ಟು ಎರಡು ದಿನ ತಡಮಾಡಿ, ಜೀವ ತಿಂದು, ಕೊನೆಗೂ ಬಂತು. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಸಮಾಧಾನವಾಗುವಷ್ಟು ಅತ್ತಳು.

ಹೊರಬಂದರೆ ಬಟನ್ ಡಬ್ಬಿಯ ಮಾತ್ರೆಗಳು ಮಶೀನೆಣ್ಣೆಯ ಪಕ್ಕದಲ್ಲಿದ್ದವು.

"ಮಶೀನಿಗೆ ದಿನಾ ಎಣ್ಣೆ ಬಿಡೋದು ಮರೆಯಲ್ವಲ್ಲ, ಆಗಲೇ ನುಂಗು," ಎಂದಳು ಅತ್ತೆ.

"ಅತ್ತೆ... ನಿಮಗೆ ಗೊತ್ತಿತ್ತಾ?"

"ಈ ಮನೇಲಿ ಬಟನ್ ಹಚ್ಚೋಳು ಯಾರು, ನಿನ್ನ ಗಂಡನಾ? ಇನ್ನೊಂದು ಕೂಸನ್ನ ಎತ್ತಿ ಆಡಿಸ್ಬೇಕಾದ್ದು ನನ್ನ ಸೊಂಟ. ಅದನ್ನ ಯಾವತ್ತಾದ್ರೂ ಅಳೆದಿದ್ಯೇನೇ ನೀನು?"