ಬೆಂಚಿನ ಬಲಗೈ

ಬೆಂಚನ್ನು ಕೊಂಚ ಚೊಕ್ಕ ಮಾಡಿಡು ಎಂದು ಅಕ್ಕ ಫೋನಿನಲ್ಲಿ ಹೇಳಿದ್ದೇನೋ ನಿಜ. ಚೊಕ್ಕ ಮಾಡು ಎಂದರೆ ಚರ್ಮ ಸುಲಿ ಎಂದರ್ಥವೇ?

ಹಿತ್ತಲಿಗೆ ಕಾಲಿಟ್ಟ ಅಕ್ಕ ನಿಂತಲ್ಲೇ ನಿಂತಳು. ಬಿಸಿಲು ಮಳೆ ತಿಂದು ಬೂದಿಬಣ್ಣಕ್ಕೆ ತಿರುಗಿದ್ದ ಅಮ್ಮನ ತೇಗದ ಬೆಂಚು, ಈಗಷ್ಟೇ ಕ್ಷೌರ ಮಾಡಿಸಿಕೊಂಡವನ ಮುಖದಂತೆ ನುಣ್ಣಗಾಗಿತ್ತು. ಸುತ್ತಲಿನ ಹುಲ್ಲಿನ ಮೇಲೆಲ್ಲ ಮರದ ಪುಡಿ. ತಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜುವ ಮೆಷಿನ್ನಿನ ವಯರು ಸುತ್ತುತ್ತಿದ್ದ.

ಅವಳು ನೇರವಾಗಿ ಬೆಂಚಿನ ಬಲಗೈಯ, ಕೂತವರು ಕೈ ಊರುವ ಪಟ್ಟಿಯ ಮೇಲೆ ಬೆರಳಾಡಿಸಿದಳು. ಮೊದಲು ಅಲ್ಲೊಂದು ತಗ್ಗಿತ್ತು, ಹೆಬ್ಬೆರಳು ಊರುವಷ್ಟು. ಸಂಜೆ ಹೊತ್ತು ಅಮ್ಮ ಕೂತು ಕೂತು ಸವೆಸಿದ ತಗ್ಗು. ಅಮ್ಮ ಸತ್ತ ಮೇಲೆ, ಮನೆ ಬೇಡ, ಒಡವೆ ಬೇಡ, ಬೆಂಚೊಂದು ಕೊಡು ಎಂದು ಅವಳು ಕೇಳಿದ್ದೇ ಆ ತಗ್ಗಿಗಾಗಿ. ಈಗ ಅಲ್ಲಿ ಏನೂ ಇರಲಿಲ್ಲ. ಎಡಗೈ ದಪ್ಪಗಿತ್ತು, ಬಲಗೈ ಸವೆದ ಸೋಪಿನಷ್ಟು ತೆಳ್ಳಗಾಗಿತ್ತು.

ಅವಳ ಕೋಪ ನೆತ್ತಿಗೇರಿತು.

“ಯಾರೋ ನಿನಗೆ ಇದನ್ನ ಉಜ್ಜು ಅಂದೋರು?”

“ಬೂಷ್ಟು ಹಿಡಿದಿತ್ತು.”

“ಬೂಷ್ಟಿಗೆ ಸೋಪುನೀರು ಸಾಲದಾ? ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು! ಅಮ್ಮನ ಗುರುತು ಅದೊಂದೇ ಇದ್ದದ್ದು ಕಣೋ. ಅದನ್ನೂ ಪುಡಿ ಮಾಡಿ ಹುಲ್ಲಿಗೆ ಚೆಲ್ಲಿದೀಯಲ್ಲ, ನಿನ್ನ ಕೈಗಿಷ್ಟು ಬೆಂಕಿ ಹಾಕ!”

ಇಷ್ಟು ಅಂದ ಮೇಲಾದರೂ ಸುಮ್ಮನಾಗಬಹುದಿತ್ತು. ಬಾಯಿ ಬಿಟ್ಟರೆ ನಿಲ್ಲುವ ಹೆಂಗಸಲ್ಲ ಅವಳು. ನಿನಗೆ ಮೊದಲಿಂದಲೂ ಅಮ್ಮನ ಮೇಲೆ ಪ್ರೀತಿಯಿಲ್ಲ ಎಂದುಬಿಟ್ಟಳು.

ತಮ್ಮ ಮೂಗಿನ ಬಟ್ಟೆ ಕಿತ್ತು ಎಸೆದ.

“ವರ್ಷವರ್ಷವೂ ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು? ನೀನಾ? ಮಳೆ ಬಂದಾಗೆಲ್ಲ ಒಬ್ಬನೇ ಸೂರಿನ ಕೆಳಗೆ ಎಳೀತಿದ್ದೆ, ಸೊಂಟ ಬಿದ್ದುಹೋಯ್ತು. ಬೆಂಚೊಂದೇ ಅಲ್ಲ, ಅಮ್ಮನನ್ನ ನೋಡ್ಕೊಂಡಿದ್ದೂ ನಾನೇ.”

“ಹಾಗಂತ ಅವಳ ಕೈಯ ಗುರುತು ಅಳಿಸ್ತೀಯಾ?”

“ಅದು ಕೈಯ ಗುರುತಲ್ಲ, ಅಕ್ಕ. ಅದು ಚಮಚದ್ದು. ಅಮ್ಮನಿಗೆ ಮಾತು ನಿಂತ ಮೇಲೆ ಕೈಗೊಂದು ಸ್ಟೀಲ್ ಚಮಚ ಕೊಟ್ಟಿದ್ದೆ, ಏನಾದ್ರೂ ಬೇಕಾದ್ರೆ ಬೆಂಚಿಗೆ ಬಡಿ ಅಂತ. ಬಡಿದಾಗ ಓಡಿ ಬರ್ತಿದ್ದೆ. ನನ್ನನ್ನ ನೋಡಿ ತಲೆ ಅಲ್ಲಾಡಿಸೋಳು. ಗೇಟಿನ ಕಡೆ ತೋರಿಸೋಳು. ಮತ್ತೆ ಬಡಿಯೋಳು. ನಾನಲ್ಲ ಅವಳಿಗೆ ಬೇಕಿದ್ದದ್ದು. ನೀನು ಫೋನಲ್ಲಿ ‘ಬರ್ತೀನಿ, ಬರ್ತೀನಿ’ ಅಂದಿದ್ದನ್ನ ನಂಬಿಕೊಂಡು ಬಡೀತಾನೇ ಇದ್ದಳು.”

ಅಮ್ಮ ಸತ್ತ ಮೇಲೆ ಬಂದಾಗಲೆಲ್ಲ ಅವಳು ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು, ಆಹಾ, ಅಮ್ಮ ಎಷ್ಟು ನೆಮ್ಮದಿಯಾಗಿ ಕೂರುತ್ತಿದ್ದಳು ಎಂದುಕೊಂಡಿದ್ದಳಲ್ಲ, ಅದನ್ನು ನೆನೆದು ಮೈ ಉರಿದುಹೋಯಿತು. ಉರಿ ಈಗ ಯಾರ ಮೇಲೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ, “ಇದನ್ನ ಮುಂಚೆ ಯಾಕೆ ಹೇಳಲಿಲ್ಲ?” ಎಂದು ಅವನನ್ನೇ ಗದರಿದಳು.

“ಹೇಳಿದ್ದೆ. ನೀನು ಮೀಟಿಂಗಲ್ಲಿದ್ದೆ.”

ಹೊರಗೆ, ಬೆಂಚು ಒಯ್ಯಲು ಅವಳು ಕರೆತಂದಿದ್ದ ಸಾಮಾನು ಗಾಡಿಯವನು ಹಾರ್ನ್ ಹೊಡೆದ. ಅವನಿಗೇನು, ಅವನ ಹೊತ್ತು ಅವನಿಗೆ. ತಮ್ಮ ಎಣ್ಣೆಯ ಡಬ್ಬಿ ಮತ್ತು ಹಳೇ ಬಟ್ಟೆಯನ್ನು ಬೆಂಚಿನ ಮೇಲಿಟ್ಟ.

“ಬರೀ ಮೈ ಮರ ಇದು, ಇಬ್ಬನಿಗೆ ಬಿಡಬೇಡ. ಇವತ್ತೇ ಹಚ್ಚು, ಮರದ ಎಳೆ ಹೋದ ಕಡೆಗೇ ಉಜ್ಜು. ಮುಂದೆ ಹಿಡಿ.”

ಇಬ್ಬರೂ ಎತ್ತಿದರು. ದಾಸವಾಳದ ಗಿಡ ದಾಟುವಷ್ಟರಲ್ಲಿ ಅವಳು ನಿಂತುಬಿಟ್ಟಳು.

“ಇಳಿಸೋ. ಬೇಡ ನನಗೆ. ಇಲ್ಲೇ ಇರಲಿ.”

“ಇಳಿಸಲ್ಲ. ಅದನ್ನ ನೋಡ್ಕೊಂಡು ಇನ್ನೂ ನಾನೊಬ್ಬನೇ ಇಲ್ಲಿರಬೇಕಾ? ಹೊರು, ಅಕ್ಕ.”

ತೇಗದ ಬೆಂಚು ಇಷ್ಟು ಭಾರವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಅದನ್ನು ಎಂದೂ ಎತ್ತಿದವಳಲ್ಲ. ಗೇಟಿನವರೆಗೂ ಹೊತ್ತಳು.