ಎಡಗೈ ಬಲಗೈ

ಓಬಳೆಪ್ಪ ಈ ಸಲವೂ ತಪ್ಪು ಹುಡುಗನನ್ನೇ ಎಬ್ಬಿಸಿದ. ತುಂಗಭದ್ರೆ ಎಲ್ಲಿ ಹುಟ್ಟುತ್ತಾಳೆಂದು ತಿಳಿಯದ ಆ ಹುಡುಗ ನೆಲ ನೋಡುತ್ತ ನಿಂತ. ಹಿಂದಿನ ಗೋಡೆಗೊರಗಿ ಬೆಂಚಿನ ಮೇಲೆ ಕೂತಿದ್ದ ವಿರುಪಣ್ಣ ಮಾಸ್ತರರು ಮನಸ್ಸಿನಲ್ಲೇ ಹಣೆ ಹಣೆ ಬಡಿದುಕೊಂಡರು. ತರಬೇತಿ ಶಾಲೆಯಿಂದ ಪಾಠ ಹೇಳುವುದನ್ನು ಕಲಿಯಲು ಬಂದ ಓಬಳೆಪ್ಪನಂಥ ಎಷ್ಟೋ ತರುಣರನ್ನು ಅವರು ತಿದ್ದಿ ಕಳಿಸಿದ್ದರು. ಆದರೆ ಪಾಠದ ನಡುವೆ ಬಾಯಿ ಹಾಕುವುದು ಅವರ ಪದ್ಧತಿಯಲ್ಲ.

ಗಂಟೆ ಹೊಡೆದ ಮೇಲೆ ಬೇವಿನ ಗಿಡದ ಕೆಳಗೆ ಓಬಳೆಪ್ಪನನ್ನು ಹಿಡಿದುಕೊಂಡರು.

"ಏನೋ ತಮ್ಮಾ, ಗೊತ್ತಿದ್ದವ್ರು ಬಲಗೈ ಎತ್ತತಾರ, ಗೊತ್ತಿಲ್ಲದವ್ರು ಎಡಗೈ. ಇಷ್ಟು ತಲ್ಯಾಗ ಹೋಗವಲ್ದೇನು?"

"ಹೋಗೈತ್ರಿ ಮಾಸ್ತರ. ಆದ್ರ ನಾ ಎದುರಿಗಿ ನಿಂತಿರ್ತೀನ್ರಿ. ಅವರ ಬಲಗೈ ನನ್ನ ಎಡಕ್ಕ ಬರ್ತೈತಿ. ಗಡಿಬಿಡ್ಯಾಗ ಉಲ್ಟಾ ಆಗಿಬಿಡ್ತೈತ್ರಿ."

"ಹಂಗಿದ್ರ ಒಂದ್ ಗಳಿಗಿ ಬೋರ್ಡಿನ ಕಡಿ ತಿರುಗು. ಹುಡುಗರ ಮಾರಿ ಎತ್ತಾಗೈತೋ ನಿಂದೂ ಅತ್ತಾಗ ಆಗ್ತೈತಿ. ನಿನ್ನ ಬಲಗೈ ಯಾ ಕಡಿ ಬಂತು ನೋಡ್ಕೊ. ಆಮ್ಯಾಲ ಹೊಳ್ಳಿ ನಿಂತು ಎಬ್ಬಸು."

ಇದು ಯಾವ ತರಬೇತಿಯಲ್ಲೂ ಹೇಳಿಕೊಡದ ವಿದ್ಯೆ. ಪಾಠ ಉರ್ದುವಿನಲ್ಲಿ, ಮಕ್ಕಳ ಮನೆಮಾತು ಕನ್ನಡ. ತಪಾಸಣೆಗೆ ಬಂದ ಸಾಹೇಬರ ಮುಂದೆ ಮಕ್ಕಳು ಕೈಕಟ್ಟಿ ಕೂತರೆ ಮಾಸ್ತರರ ಮಾನ ಹರಾಜು. ಅದಕ್ಕೇ ಹೊರಗಿನವರು ಬಂದಾಗ ಯಾವ ಪ್ರಶ್ನೆಗೂ ಒಂದು ಕೈ ಸಹ ಕೆಳಗಿರಬಾರದು, ಯಾರೂ ಹಿಂದೆ ಹೊರಳಿ ನೋಡಬಾರದು ಎಂದು ವಿರುಪಣ್ಣ ಕಲಿಸಿದ್ದರು. ಮಕ್ಕಳು ಅದನ್ನು ಮಗ್ಗಿಗಿಂತ ಚೆನ್ನಾಗಿ ಕಲಿತಿದ್ದರು.

ಆ ದಿನಗಳಲ್ಲಿ ಮಾಸ್ತರರ ಅರ್ಧ ಜೀವ ಮನೆಯಲ್ಲೇ ಇರುತ್ತಿತ್ತು. ಬ್ರಿಟಿಷರ ಸೀಮೆಗೆ ಸ್ವಾತಂತ್ರ್ಯ ಬಂದಿತ್ತು, ಈ ಊರಿದ್ದ ನಿಜಾಮರ ಸೀಮೆಗೆ ಬಂದಿರಲಿಲ್ಲ. ಗಡಿಯಾಚೆ ಹೋರಾಟಗಾರರ ಶಿಬಿರ ಸೇರಿದ್ದ ಮಗ ಹುಲಗಪ್ಪ ಕಾಲಿಗೆ ಗುಂಡು ತಗುಲಿ ಹಿಂದಿರುಗಿದ್ದ. ಒಳಕೋಣೆಯಲ್ಲಿ ಜೋಳದ ಚೀಲಗಳ ಮರೆಗೆ ಮಲಗಿದ್ದ. ಹಾಗೆ ಸಿಕ್ಕಿಬಿದ್ದವರಲ್ಲಿ ಒಬ್ಬನೂ ಠಾಣೆಯಿಂದ ನಡೆದುಕೊಂಡು ಹೊರಗೆ ಬಂದಿರಲಿಲ್ಲ. ತಮಗೂ ಹೆಂಡತಿಗೂ ಬಿಟ್ಟರೆ ಊರಲ್ಲಿ ಮತ್ತಾರಿಗೂ ಇದು ಗೊತ್ತಿಲ್ಲವೆಂದು ಮಾಸ್ತರರು ನಂಬಿದ್ದರು.

ಮರುದಿನ ಪಾಠ ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಠಾಣೆಯ ಅಮೀನಸಾಹೇಬರು. ಅವರ ಹಿಂದೆ ಬಂದೂಕು ಹಿಡಿದ ಇಬ್ಬರು. ಅಮೀನರು ಬಂದವರೇ ವಿರುಪಣ್ಣನವರಿಗೆ ತಾಗಿಕೊಂಡು ಅದೇ ಬೆಂಚಿನ ಮೇಲೆ ಕೂತರು. ಬೆನ್ನ ಹಿಂದೆ ಏನಾಯಿತೆಂದು ಒಂದು ಮಗುವೂ ಹೊರಳಿ ನೋಡಲಿಲ್ಲ.

"ಪಾಠ ಬಿಡ್ರಿ ಮಾಸ್ತರ," ಎಂದರು ಓಬಳೆಪ್ಪನಿಗೆ. "ಯಾರ ಮನ್ಯಾಗ ಮಂದಿ ಅಡಗಿ ಕುಂತಾರ, ಇವಕ್ಕ ಕೇಳ್ರಿ. ಮಕ್ಕಳಿಗೆ ಎಲ್ಲಾ ಮಾಲೂಮ್ ಇರ್ತೈತಿ."

ಓಬಳೆಪ್ಪ ತಡವರಿಸುತ್ತ ಕೇಳಿದ. ಕೈಗಳೆಲ್ಲ ಒಮ್ಮೆಗೇ ಎದ್ದವು.

ವಿರುಪಣ್ಣ ಬೆಂಚಿನ ಮೇಲೆ ಮುಂದಕ್ಕೆ ಬಾಗಿದರು. ಸಾಲುಸಾಲಾಗಿ ನೋಡಿದರು. ಎಡಗೈ, ಎಡಗೈ, ಎಲ್ಲ ಎಡಗೈ. ಹೋದ ಉಸಿರು ಮರಳಿ ಬಂತು. ಅಷ್ಟರಲ್ಲಿ ಕಿಟಕಿಯ ಹತ್ತಿರ ಹಸಿರು ಬಳೆಯ ಒಂದು ಬಲಗೈ ಕಂಡಿತು. ಬೆಳಗಾದರೆ ಅವರ ಮನೆಗೆ ಹಾಲು ತರುವ ಸಣ್ಣವ್ವ. ಯಾವಾಗ ಒಳಗೆ ಇಣುಕಿದ್ದಳೋ.

"ವಾಹ್, ಸಾಲಿಗೆ ಸಾಲೀನ ಹುಷಾರ್ ಐತಿ," ಅಮೀನರು ನಕ್ಕರು. "ಒಬ್ಬರನ್ನ ಎಬ್ಬಸ್ರಿ."

ವಿರುಪಣ್ಣ ಅರ್ಧ ಎದ್ದರು. "ಸಾಹೇಬ್ರ, ಸಣ್ಣ ಹುಡುಗ್ರು. ಏನ್ ಕೇಳಿದ್ರೂ ಕೈ ಎತ್ತತಾವ್ರಿ."

"ನೀವು ಕೂಡ್ರಿ. ಪಾಠ ಅವರದೈತಿ."

ಅಮೀನರ ಕೈ ಅವರ ಹೆಗಲ ಮೇಲೆ ಬಂತು. ವಿರುಪಣ್ಣ ಕೂತರು. ಓಬಳೆಪ್ಪನಿಗೆ ಹುಲಗಪ್ಪನ ಸುದ್ದಿ ಗೊತ್ತಿರಲಿಲ್ಲ. ಆದರೂ ಯಾರದೋ ಮನೆ ಹಾಳಾಗಬಾರದು, ಗೊತ್ತಿಲ್ಲದ ಮಗುವನ್ನೇ ಎಬ್ಬಿಸಬೇಕು ಎಂದು ಅವನು ಒದ್ದಾಡುತ್ತಿರುವುದು ಅವನ ಬೆವೆತ ಮುಖದಲ್ಲೇ ಕಾಣುತ್ತಿತ್ತು. ನಿನ್ನೆ ಕಲಿತದ್ದನ್ನು ನೆನೆದು ಬೋರ್ಡಿನ ಕಡೆ ತಿರುಗತೊಡಗಿದ.

"ಬೆನ್ನ ಯಾಕ ತೋರಸ್ತೀರಿ ನಮಗ?" ಎಂದರು ಅಮೀನರು, ಮೆಲ್ಲಗೆ.

ಓಬಳೆಪ್ಪ ಬೆಚ್ಚಿ ಮತ್ತೆ ಎದುರು ನಿಂತ. ಅವನ ಕಣ್ಣು ಕೈಗಳ ಮೇಲೆ ಹರಿದು ಕಿಟಕಿಯ ಹತ್ತಿರ ನಿಂತಿತು. ಎಲ್ಲರದೂ ಒಂದೇ ಕಡೆಯ ಕೈ, ಅವಳೊಬ್ಬಳದೇ ಬೇರೆ. ಅವನ ಮುಖ ತಿಳಿಯಾಯಿತು. ಉಳಿದವರಿಗೆಲ್ಲ ಗೊತ್ತು, ಪಾಪ ಇವಳೊಬ್ಬಳಿಗೆ ಗೊತ್ತಿಲ್ಲ ಎಂದು ಅವನು ಲೆಕ್ಕ ಹಾಕಿದ್ದನ್ನು ವಿರುಪಣ್ಣ ಅಕ್ಷರ ಓದಿದಂತೆ ಓದಿದರು.

"ಸಣ್ಣವ್ವ, ನೀ ಹೇಳವಾ," ಎಂದ ಅಕ್ಕರೆಯಿಂದ.

ಸಣ್ಣವ್ವ ಎದ್ದು ನಿಂತಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು, ಬಳೆಗಳು ಮೊಣಕೈಗೆ ಜಾರಿದ್ದವು. ಯಾರೂ ಹೊರಳಬಾರದೆಂಬ ಮಾತು ಮರೆತು, ಉತ್ತರ ಬಂದಾಗಲೆಲ್ಲ ಮೆಚ್ಚುಗೆಗಾಗಿ ನೋಡುವಂತೆ, ಹಿಂದಕ್ಕೆ ಹೊರಳಿ ವಿರುಪಣ್ಣ ಮಾಸ್ತರರ ಮುಖ ನೋಡಿ ನಕ್ಕಳು.